ಡಬ್ಬದ ತಳದ ಟೀ ಪುಡಿಗೂ ಒಂದು ಚರಿತ್ರೆ ಇದೆ

ಪಾಲಮಲೆಯ ಬುಡದ ಊರುಗಳಲ್ಲಿ ಯಾರ ಮನೆಗೆ ಹೋದರೂ ಮೊದಲು ಬರುವುದು ಟೀ. ಕನ್ನಡದ ಮನೆಯಾದರೂ ಅಷ್ಟೇ, ತಮಿಳಿನ ಮನೆಯಾದರೂ ಅಷ್ಟೇ. "ಇದು ಯಾವ ಟೀ ಪುಡಿ?" ಅಂತ ಕೇಳಿ ನೋಡಿ, ಮನೆಯವರು ಒಂದು ಕ್ಷಣ ಯೋಚಿಸುತ್ತಾರೆ. ಯಾಕೆಂದರೆ ಅಡಿಗೆಮನೆಯ ಡಬ್ಬದಲ್ಲಿರುವುದು ಒಂದೇ ಪುಡಿಯಲ್ಲ. ರೇಷನ್ ಅಂಗಡಿಯ ಪೊಟ್ಟಣದಲ್ಲಿ ಉಳಿದದ್ದು, ಮೆಟ್ಟೂರಿನಿಂದ ತೂಕದ ಲೆಕ್ಕದಲ್ಲಿ ತಂದದ್ದು, ಕೋತಗಿರಿ ಕಡೆ ಕೆಲಸಕ್ಕೆ ಹೋದವರು ಕಟ್ಟಿಕೊಂಡು ಬಂದದ್ದು, ಕೊಳ್ಳೇಗಾಲದ ನೆಂಟರು ಕೊಟ್ಟುಹೋದದ್ದು... ಎಲ್ಲದರ ತಳವೂ ಕೊನೆಗೆ ಆ ಒಂದು ಡಬ್ಬಕ್ಕೇ ಬೀಳುತ್ತದೆ. ಇದನ್ನು ಯಾರೂ ಪ್ರಯೋಗ ಅಂತ ಕರೆಯುವುದಿಲ್ಲ. ದುಡ್ಡು ಕೊಟ್ಟು ತಂದದ್ದನ್ನು ಎಸೆಯಬಾರದು, ಅಷ್ಟೇ.

ನಾವು ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವವರು. ನಮ್ಮ ಸ್ಟಾಫ್ ರೂಮಿನ ಡಬ್ಬವೂ ಹೀಗೇ. ಒಬ್ಬೊಬ್ಬರು ಒಂದೊಂದು ದಿಕ್ಕಿನಿಂದ ಬರುತ್ತೇವೆ, ಒಬ್ಬೊಬ್ಬರ ಮನೆಯ ಪುಡಿ ಒಂದೊಂದು ಥರ. ಬೇರೆ ಬೇರೆ ಪುಡಿಯ ತಳಗಳನ್ನು ಅಂದಾಜಿನಲ್ಲಿ ಸುರಿಯುವ ಬದಲು ತೂಕ ಮಾಡಿ ಬೆರೆಸಿ ನೋಡೋಣ ಅಂತ ಶುರು ಮಾಡಿದೆವು. ಹಾಗೆ ಮಾಡುತ್ತಾ ಹೋದ ಹಾಗೆ ಇದರ ಹಿಂದಿನ ಕಥೆ ಏನು ಅಂತ ಹುಡುಕುವ ಚಟವೂ ಹತ್ತಿತು. ಮೇಷ್ಟ್ರುಗಳ ಬುದ್ಧಿಯೇ ಹಾಗೆ, ಏನು ಮಾಡುವುದು!

ಮೊದಲು ಜಾಗದ ವಿಷಯ ಹೇಳಿಬಿಡುತ್ತೇವೆ. ಕಾವೇರಿ ಬೆಟ್ಟಗಳ ಸಂದಿಯಿಂದ ಹೊರಬಂದು ಬಯಲಿಗೆ ಇಳಿಯುವ ಕಡೆ ಒಂದು ಪಕ್ಕಕ್ಕೆ ಪಾಲಮಲೆ, ಇನ್ನೊಂದು ಪಕ್ಕಕ್ಕೆ ಸೀತಾಮಲೆ. ನಡುವೆ 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು. ಬೆಟ್ಟದ ಮೇಲೆ ಸಿದ್ದೇಶ್ವರನ ಗುಡಿ. ಕೊಳತ್ತೂರಿನಿಂದ ಆಚೆಗೆ ಪಾಲಾರ್ ದಾಟಿದರೆ ಮಾದಪ್ಪನ ಬೆಟ್ಟದ ದಾರಿ, ಅಂದರೆ ಕರ್ನಾಟಕ. ಆ ಕೊಳ್ಳೇಗಾಲ ತಾಲ್ಲೂಕು ಕೂಡ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಇಲ್ಲಿನವರಿಗೆ ಆಚೆ ಈಚೆ ಅನ್ನುವುದು ಬಹಳ ಹಳೆಯ ಮಾತೇನಲ್ಲ.

ಈ ಬೆಟ್ಟಗಳಲ್ಲಿ ಟೀ ಬೆಳೆಯುವುದಿಲ್ಲ. ಟೀ ಗಿಡಕ್ಕೆ ಹುಳಿ ಮಣ್ಣು ಬೇಕು (ವಿಜ್ಞಾನದ ಮೇಷ್ಟ್ರ ಭಾಷೆಯಲ್ಲಿ ಪಿ.ಎಚ್. 4.5ರಿಂದ 5.5), ಜೊತೆಗೆ ವರ್ಷವಿಡೀ ಹಂಚಿಕೊಂಡು ಬೀಳುವ ಮಳೆ ಬೇಕು. ಮೆಟ್ಟೂರು, ಪೆನ್ನಾಗರಂ, ಹೊಗೆನಕಲ್ ಕಡೆಯದು ಮಳೆ ಕಮ್ಮಿಯ ಕುರುಚಲು ಕಾಡು. ರಾಗಿ, ಹುರುಳಿ, ಎಳ್ಳಿನ ನಾಡು. ಸೇಲಂ ಜಿಲ್ಲೆಗೆ ಅಂತ ಒಂದು ಪೇಯ ಇದ್ದರೆ ಅದು ಕಾಫಿ. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಆಗಿದ್ದ ಎಂ.ಡಿ. ಕಾಕ್‌ಬರ್ನ್ ಏರ್ಕಾಡಿನ ಬೆಟ್ಟಕ್ಕೆ ಕಾಫಿ ತಂದರು, ಅಲ್ಲಿ ಇವತ್ತಿಗೂ ಕಾಫಿ ತೋಟಗಳಿವೆ. ಆದರೆ ಆ ಕಾಫಿ ಬಡವರ ಲೋಟಕ್ಕೆ ಬಂದದ್ದು ಕಡಿಮೆ. ಇಲ್ಲಿನ ಹಿರಿಯರ ಬೆಳಗು ರಾಗಿ ಅಂಬಲಿ, ಮಜ್ಜಿಗೆ. ನೆಗಡಿಯಾದರೆ ಒಣಶುಂಠಿ ಬೆಲ್ಲದ ಕಷಾಯ. ಆ ಕಷಾಯಕ್ಕೆ ತಮಿಳಿನಲ್ಲಿ "ಸುಕ್ಕು ಕಾಪಿ" ಅಂತ ಹೆಸರು. ಅದರಲ್ಲಿ ಕಾಫಿ ಇರಲೇಬೇಕು ಅಂತೇನೂ ಇಲ್ಲ, ಹೆಸರು ಮಾತ್ರ ದೊಡ್ಡದು.

ಹಾಗಾದರೆ ಟೀ ಬಂದದ್ದು ಹೇಗೆ?

ಇದಕ್ಕೆ ಒಂದು ಕಾನೂನಿನಿಂದ ಶುರು ಮಾಡಬೇಕು. 1903ರಲ್ಲಿ ಇಂಡಿಯನ್ ಟೀ ಸೆಸ್ ಆಕ್ಟ್ ಬಂತು. ತೋಟದ ದೊರೆಗಳು ಹೊರದೇಶಕ್ಕೆ ಕಳಿಸುವ ಟೀ ಮೇಲೆ ತಾವೇ ಒಂದು ಸಣ್ಣ ಸುಂಕ ಹಾಕಿಸಿಕೊಂಡು, ಆ ದುಡ್ಡಿನಲ್ಲಿ ಟೀ ಪ್ರಚಾರ ಮಾಡುವ ಏರ್ಪಾಡು ಅದು. ಮೊದಲು ಅವರ ಕಣ್ಣು ವಿದೇಶದ ಮೇಲೆಯೇ ಇತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಗಿರಣಿ, ಗಣಿ, ಕಾರ್ಖಾನೆಗಳಲ್ಲಿ ಟೀ ಅಂಗಡಿ ಇಡಿಸಿದರು. ಆಮೇಲೆ ರೈಲ್ವೆ ಸ್ಟೇಷನ್ನುಗಳು. 1930ರ ದಶಕದಲ್ಲಿ ವಿದೇಶದ ಬೆಲೆ ಬಿದ್ದಾಗ ದೇಶದೊಳಗಿನ ಜನರ ನೆನಪು ಜೋರಾಗಿ ಬಂತು. ಸಂತೆ, ಜಾತ್ರೆ, ಬೀದಿಗಳಲ್ಲಿ ಪುಕ್ಕಟೆ ಟೀ ಕುಡಿಸಿದರು, ಕಾಸಿಗೊಂದು ಪೊಟ್ಟಣ ಮಾರಿದರು. 1937ರಲ್ಲಿ ಆ ಸಮಿತಿಗೆ ಇಂಡಿಯನ್ ಟೀ ಮಾರ್ಕೆಟ್ ಎಕ್ಸ್‌ಪ್ಯಾನ್ಷನ್ ಬೋರ್ಡ್ ಅನ್ನುವ ಹೆಸರೂ ಬಂತು. ತಮಿಳು ನಾಡಿನ ಮಟ್ಟಿಗೆ ಕಾಫಿ ಮಧ್ಯಮ ವರ್ಗದ ಗುರುತಾಗಿ, ಟೀ ದುಡಿಯುವವರ ಗುರುತಾಗಿ ಬೆಳೆದದ್ದನ್ನು ಇತಿಹಾಸಕಾರ ಎ.ಆರ್. ವೆಂಕಟಾಚಲಪತಿ ತಮ್ಮ "ಇನ್ ದೋಸ್ ಡೇಸ್ ದೇರ್ ವಾಸ್ ನೋ ಕಾಫಿ" (2006) ಪುಸ್ತಕದಲ್ಲಿ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ.

ಇಲ್ಲೊಂದು ತಮಾಷೆ ನೋಡಿ. ಪ್ರಚಾರದವರು ಟೀ ಜೊತೆಗೆ "ಸರಿಯಾದ ವಿಧಾನ"ವನ್ನೂ ಹೇಳಿಕೊಡುತ್ತಿದ್ದರು. ಕುದಿಯುವ ನೀರು, ಇಷ್ಟು ಎಲೆ, ಇಷ್ಟು ನಿಮಿಷ, ಮೇಲೆ ಸ್ವಲ್ಪ ಹಾಲು. ಆದರೆ ಸ್ಟೇಷನ್ನಿನ ಟೀ ಮಾರುವವರು ತಮಗೆ ಬೇಕಾದ ಹಾಗೆ ಮಾಡಿದರು. ಹಾಲು ಸಕ್ಕರೆ ಜಾಸ್ತಿ, ಪುಡಿ ಕಮ್ಮಿ, ಕೆಲವು ಕಡೆ ಏಲಕ್ಕಿ ಶುಂಠಿ. ಪ್ರಚಾರದವರಿಗೆ ಇದು ಹಿಡಿಸಲಿಲ್ಲ. ಮಸಾಲೆ ಹಾಕಿದರೆ ಟೀ ಪುಡಿ ಕಡಿಮೆ ಖರ್ಚಾಗುತ್ತದಲ್ಲ! ಕೊನೆಗೆ ಗೆದ್ದದ್ದು ಯಾರು ಅಂತ ಇವತ್ತಿನ ಯಾವ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಗೊತ್ತಾಗುತ್ತದೆ. ನಮ್ಮ ಪ್ರಕಾರ ಭಾರತದ ಟೀ ಬೆರಕೆಯ ಮೊದಲ ಪ್ರಯೋಗಶಾಲೆ ಅಂದರೆ ಆ ಸ್ಟೇಷನ್ ಪ್ಲಾಟ್‌ಫಾರಂಗಳೇ.

ಇನ್ನು ನಮ್ಮ ಭಾಗಕ್ಕೆ ಬಂದದ್ದು ಎಲೆ ಟೀ ಅಲ್ಲ, ಡಸ್ಟ್. ಇದಕ್ಕೂ ಕಾರಣ ಇದೆ. ಕಾರ್ಖಾನೆಯಲ್ಲಿ ಒಣಗಿದ ಟೀಯನ್ನು ಜರಡಿಯ ಮೇಲೆ ಹಾಯಿಸುತ್ತಾರೆ. ಮೇಲೆ ನಿಲ್ಲುವುದು ದೊಡ್ಡ ಎಲೆ, ಅದರ ಕೆಳಗೆ ಮುರುಕು ಎಲೆ, ಅದರ ಕೆಳಗೆ ಫ್ಯಾನಿಂಗ್ಸ್, ಎಲ್ಲಕ್ಕಿಂತ ಕೆಳಗೆ ಡಸ್ಟ್. ಅಂದರೆ ಡಸ್ಟ್ ಅನ್ನುವುದೇ ಒಂದು ಲೆಕ್ಕದಲ್ಲಿ ಉಳಿಕೆ. ಹಾಗಂತ ಅದನ್ನು ಕಸ ಅನ್ನುವಂತಿಲ್ಲ. ಪುಡಿ ಸಣ್ಣದಾದಷ್ಟೂ ನೀರಿಗೆ ತಾಗುವ ಮೈ ಜಾಸ್ತಿ, ಬಣ್ಣ ಮತ್ತು ಕಡುಪು ಬೇಗ ಬಿಡುತ್ತದೆ. ಒಂದು ಚಮಚದಲ್ಲಿ ಹೆಚ್ಚು ಲೋಟ. ಗಟ್ಟಿ ಹಾಲು ಹಾಕಿದರೂ ರುಚಿ ಕಾಣುತ್ತದೆ. ಕೂಲಿ ಮಾಡುವ ಮನೆಗೆ ಇದಕ್ಕಿಂತ ಇನ್ನೇನು ಬೇಕು? 1930ರ ಸುಮಾರಿಗೆ ಅಸ್ಸಾಮಿನ ಅಮ್‌ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ಅನ್ನುವವರು ಸಿ.ಟಿ.ಸಿ. ಯಂತ್ರ ಮಾಡಿದರು. ಹಿಸುಕು, ಹರಿ, ಸುರುಳಿ ಮಾಡು ಅಂತ ಅದರ ಅರ್ಥ. ಹಲ್ಲಿರುವ ಎರಡು ಉರುಳೆಗಳ ನಡುವೆ ಎಲೆ ಹಾದು ಹರಳು ಹರಳಾಗಿ ಬೀಳುತ್ತದೆ. ನಾವೀಗ "ಟೀ ಪುಡಿ" ಅಂತ ಕರೆಯುವುದು ಹೆಚ್ಚಾಗಿ ಇದನ್ನೇ. ಉತ್ತರದವರು ಹರಳು ದಪ್ಪಗಿರುವುದನ್ನು ಕೇಳಿದರೆ ದಕ್ಷಿಣದವರು, ಅದರಲ್ಲೂ ತಮಿಳುನಾಡಿನವರು, ಡಸ್ಟನ್ನೇ ಕೇಳುತ್ತಾರೆ. ಟೀ ಅಂಗಡಿಯ ಬಟ್ಟೆ ಸೋಸುಕದೊಳಗೆ ಕೂತು ಬಿಸಿನೀರು ಹುಯ್ಯಿಸಿಕೊಂಡು ಗಟ್ಟಿ ಡಿಕಾಕ್ಷನ್ ಕೊಡುವುದು ಈ ಡಸ್ಟೇ.

ಹಾಗಾದರೆ ಬೆರೆಸದ ಶುದ್ಧ ಟೀ ಅಂತ ಅಂಗಡಿಯಲ್ಲಿ ಸಿಗುವುದು ಯಾವುದು? ಹೆಚ್ಚುಕಡಿಮೆ ಯಾವುದೂ ಇಲ್ಲ. ಕಂಪನಿಯ ಪೊಟ್ಟಣದಲ್ಲಿರುವುದು ಹತ್ತಾರು ತೋಟಗಳ ಪುಡಿ. ಹರಾಜಿನಲ್ಲಿ ಕೊಂಡು, ರುಚಿ ನೋಡುವವರು ಚಮಚದಲ್ಲಿ ಸೊರ್ ಎಂದು ಹೀರಿ ಉಗಿದು, ಇದಿಷ್ಟು ಅದಿಷ್ಟು ಅಂತ ಲೆಕ್ಕ ಬರೆದುಕೊಟ್ಟದ್ದನ್ನು ಬೆರೆಸಿರುತ್ತಾರೆ. ಮಳೆಗಾಲದ ಎಲೆ ಬೇರೆ, ಚಳಿಗಾಲದ ಎಲೆ ಬೇರೆ; ಆದರೂ ಗಿರಾಕಿಗೆ ವರ್ಷವಿಡೀ ಒಂದೇ ರುಚಿ ಬೇಕಲ್ಲ, ಅದಕ್ಕೆ ಈ ಬೆರಕೆ. ಇಂಗ್ಲೆಂಡಿನಲ್ಲಿ 1826ರಲ್ಲಿ ಜಾನ್ ಹಾರ್ನಿಮನ್ ಟೀಯನ್ನು ಮೊದಲೇ ತೂಗಿ ಮುಚ್ಚಿದ ಪೊಟ್ಟಣದಲ್ಲಿ ಮಾರಲು ಶುರು ಮಾಡುವ ಮುಂಚೆ ಅಂಗಡಿಯವನೇ ಗಿರಾಕಿಯ ಎದುರು ಪೆಟ್ಟಿಗೆಯಿಂದ ತೆಗೆದು ಬೆರೆಸಿ ಕೊಡುತ್ತಿದ್ದ. ಥಾಮಸ್ ಲಿಪ್ಟನ್ ಒಂದು ಹೆಜ್ಜೆ ಮುಂದೆ ಹೋಗಿ, ಊರೂರಿನ ನೀರಿಗೆ ಹೊಂದುವ ಹಾಗೆ ಬೇರೆ ಬೇರೆ ಬೆರಕೆ ಅಂತ ಜಾಹೀರಾತು ಕೊಟ್ಟ. 1869ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬ್ರೂಕ್ ಬಾಂಡ್ ಅಂಗಡಿ ತೆರೆದ ಆರ್ಥರ್ ಬ್ರೂಕ್ ಕೂಡ ಬೆರಕೆಯ ವ್ಯಾಪಾರಿಯೇ. ಅಂದ ಹಾಗೆ ಆ ಕಂಪನಿಯಲ್ಲಿ ಬಾಂಡ್ ಅನ್ನುವ ಮನುಷ್ಯನೇ ಇರಲಿಲ್ಲ. ಕೇಳಲು ಚೆನ್ನಾಗಿದೆ ಅಂತ ಸೇರಿಸಿಕೊಂಡ ಹೆಸರು!

ನೀರಿನ ಮಾತು ಸುಳ್ಳಲ್ಲ. ಕೊಳವೆಬಾವಿಯ ಗಡುಸು ನೀರಲ್ಲಿ ಕಾಸಿದ ಟೀ ಮಂಕಾಗಿ ಮೇಲೆ ಕೆನೆಗಟ್ಟುತ್ತದೆ, ಅದೇ ಪುಡಿಯನ್ನು ಕಾವೇರಿ ನೀರಲ್ಲಿ ಕಾಸಿದರೆ ಬಣ್ಣ ಹೊಳೆಯುತ್ತದೆ. ಈ ಎರಡೂ ನೀರು ಕುಡಿಯುವ ನಮಗೆ ಇದು ದಿನನಿತ್ಯದ ಅನುಭವ.

ಕಾಫಿಯ ವಿಷಯದಲ್ಲಿ ಬೆರಕೆಯನ್ನು ನಾವು ಯಾವತ್ತೋ ಒಪ್ಪಿಕೊಂಡಿದ್ದೇವೆ. ಚಿಕೋರಿ ಇಷ್ಟು ಹಾಕಿ ಅಂತ ಹೇಳಿಯೇ ಪುಡಿ ಮಾಡಿಸುತ್ತೇವೆ. ಶೇಕಡಾ 49ರವರೆಗೆ ಚಿಕೋರಿ ಇರಬಹುದು ಅಂತ ಕಾನೂನೇ ಹೇಳುತ್ತದೆ. ಟೀ ಬಂದಾಗ ಮಾತ್ರ ನಮಗೆ ಮಡಿ.

ಈಗ ನೀಲಗಿರಿಗೆ ಹೋಗೋಣ. ಇಲ್ಲಿನ ಡಬ್ಬಗಳಿಗೆ ಬೀಳುವ ಪುಡಿಯಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಇಳಿದು ಬರುವುದು. 1830ರ ದಶಕದಲ್ಲಿ ಕೇತಿಯಲ್ಲಿ ಪ್ರಯೋಗಕ್ಕೆ ಅಂತ ಟೀ ಗಿಡ ನೆಟ್ಟರು. 1859ರ ಹೊತ್ತಿಗೆ ತೈಶೋಲದಂಥ ತೋಟಗಳು ಎದ್ದವು. ಆಗ ನೀಲಗಿರಿಯ ಜೈಲುಗಳಲ್ಲಿ ಇಟ್ಟಿದ್ದ ಚೀನೀ ಕೈದಿಗಳಿಂದ ತೋಟದ ಕೆಲಸ ಮಾಡಿಸಿದರು ಅನ್ನುವ ಮಾತು ಅಲ್ಲಿ ಈಗಲೂ ಇದೆ. ಅದೆಲ್ಲ ದೊರೆಗಳ ಕಾಲ. ನಮಗೆ ಹತ್ತಿರವಾದ ಕಥೆ ಬಡಗರದು. ಅವರ ನುಡಿಯನ್ನು ನಮ್ಮ ಮಕ್ಕಳು ಕೇಳಿದರೆ ಅರ್ಧ ಅರ್ಥವಾಗಿ ನಗುತ್ತಾರೆ, ಅಷ್ಟು ಕನ್ನಡಕ್ಕೆ ಹತ್ತಿರ. ಆಲೂಗಡ್ಡೆ ಕೋಸು ಬೆಳೆಯುತ್ತಿದ್ದ ಬಡಗ ರೈತರು ಸ್ವಾತಂತ್ರ್ಯದ ನಂತರ ಎಕರೆ ಎರಡೆಕರೆಯಲ್ಲಿ ಟೀ ಹಾಕಿದರು. ಎಲೆ ಕಿತ್ತು ಕಾರ್ಖಾನೆಗೆ ಕೊಡುವುದು, ಕಾರ್ಖಾನೆ ಅದನ್ನು ಸಿ.ಟಿ.ಸಿ. ಮಾಡಿ ಕೂನೂರಿನ ಹರಾಜಿಗೆ ಕಳಿಸುವುದು. ಸಣ್ಣ ಬೆಳೆಗಾರರಿಗಾಗಿ ಸಹಕಾರಿ ಕಾರ್ಖಾನೆಗಳು ಬಂದವು, ಅವುಗಳ ಮೇಲಿನ ಒಕ್ಕೂಟವಾಗಿ 1965ರಲ್ಲಿ ಇಂಡ್‌ಕೋಸರ್ವ್ ಹುಟ್ಟಿತು. ಇದೇ ಹೊತ್ತಿಗೆ, ಅಂದರೆ 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ನಂತರ, ಸಿಲೋನಿನ ತೋಟಗಳಿಂದ ವಾಪಸು ಬಂದ ತಮಿಳು ಕೂಲಿಗಳಿಗಾಗಿ ಸರ್ಕಾರ 1968ರಿಂದ ತಾನೇ ತೋಟ ಎಬ್ಬಿಸಿತು. ಅದೇ 1976ರಲ್ಲಿ ಟ್ಯಾನ್‌ಟೀ ಅನ್ನುವ ನಿಗಮವಾಯಿತು.

ಆಮೇಲೆ ಹೊಡೆತ ಬಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ದಕ್ಷಿಣದ ಟೀಗೆ ದೊಡ್ಡ ಗಿರಾಕಿ ಅದೇ ಆಗಿತ್ತು. ಕೆಲವು ವರ್ಷ ಹೇಗೋ ನಡೆಯಿತು, 1998ರ ನಂತರ ಹಸಿ ಎಲೆಯ ಬೆಲೆ ನೆಲ ಕಚ್ಚಿತು. 2000ದಲ್ಲಿ ನೀಲಗಿರಿಯ ಬೆಳೆಗಾರರು ಬೀದಿಗಿಳಿದರು. ಎಲೆ ಕೀಳುವ ಕೂಲಿಯೂ ಹುಟ್ಟದ ಸ್ಥಿತಿ. ಅದರ ಬೆನ್ನಿಗೇ, 2000ದ ದಶಕದ ಮೊದಲ ವರ್ಷಗಳಲ್ಲಿ, ತಮಿಳುನಾಡು ಸರ್ಕಾರ ಸಹಕಾರಿ ಕಾರ್ಖಾನೆಗಳ ಪುಡಿಯನ್ನು "ಊಟಿ ಟೀ" ಅಂತ ಪೊಟ್ಟಣ ಕಟ್ಟಿಸಿ ರೇಷನ್ ಅಂಗಡಿಗಳಿಗೆ ಇಳಿಸಿತು. ಬೆಳೆಗಾರನ ಪುಡಿ ಖರ್ಚಾಗಲಿ, ಬಡವರಿಗೆ ಅಗ್ಗದ ಟೀ ಸಿಗಲಿ ಅನ್ನುವ ಲೆಕ್ಕ. ಪಾಲಮಲೆಯ ಬುಡದ ಡಬ್ಬಕ್ಕೆ ರೇಷನ್ ಪೊಟ್ಟಣದ ತಳ ಬಂದು ಬಿದ್ದದ್ದು ಹೀಗೆ. ಮಾಸ್ಕೋದಲ್ಲಿ ಯಾರೋ ಕುಡಿಯದೇ ಬಿಟ್ಟ ಟೀ ನಮ್ಮ ರೇಷನ್ ಅಂಗಡಿಗೆ ಬಂತು ಅಂತ ಸಮಾಜ ಪಾಠದಲ್ಲಿ ಹೇಳಿದರೆ ಮಕ್ಕಳು ಮೊದಲು ನಂಬುವುದಿಲ್ಲ.

ರೇಷನ್ ಟೀ ಬಗ್ಗೆ ಜನರ ದೂರು ಏನೆಂದರೆ ಬಣ್ಣ ಬರುತ್ತದೆ, ಪರಿಮಳ ಇಲ್ಲ. ದೂರಿನಲ್ಲಿ ಹುರುಳಿದೆ. ಆದರೆ ಅದಕ್ಕೆ ಪರಿಹಾರವನ್ನು ಕಂಡುಕೊಂಡವರೂ ಹೆಂಗಸರೇ. ಒಳ್ಳೆಯ ಪುಡಿ ಒಂದು ಪಾಲು, ರೇಷನ್ ಪುಡಿ ಎರಡು ಪಾಲು. ಕಂಪನಿಯ ರುಚಿ ನೋಡುವವನು ದೊಡ್ಡ ಸಂಬಳಕ್ಕೆ ಮಾಡುವ ಕೆಲಸವೂ ಇದೇ ತಾನೇ? ಬಣ್ಣಕ್ಕೊಂದು, ಕಡುಪಿಗೊಂದು, ಪರಿಮಳಕ್ಕೊಂದು.

ಉಳಿಕೆ ಅನ್ನುವ ಮಾತಿಗೆ ಇನ್ನೊಂದು ಕೆಟ್ಟ ಅರ್ಥವೂ ಇದೆ, ಅದನ್ನೂ ಹೇಳಬೇಕು. ಕುದಿಸಿ ಎಸೆದ ಚರಟವನ್ನು ಒಣಗಿಸಿ ಬಣ್ಣ ಹಾಕಿ ಮತ್ತೆ ಮಾರುವ ದಂಧೆ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ ಹೋಟೆಲುಗಳಿಂದ ಚರಟ ಕೊಂಡು, ಬೇರೆ ಮರದ ಎಲೆಗಳನ್ನೂ ಸೇರಿಸಿ ಮಾರುತ್ತಿದ್ದರು. ಅದರ ವಿರುದ್ಧ 1725ರಲ್ಲೇ ಕಾನೂನು ಬಂತು, 1777ರಲ್ಲಿ ಮತ್ತೊಂದು. ಆದರೂ ನಿಲ್ಲಲಿಲ್ಲ ಅಂತ 1820ರಲ್ಲಿ ಫ್ರೆಡರಿಕ್ ಅಕ್ಕುಮ್ ಆಹಾರದ ಕಲಬೆರಕೆ ಬಗ್ಗೆ ಬರೆದ ಪುಸ್ತಕದಿಂದ ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ ಕಾರ್ಖಾನೆಯ ನಾರು, ಗುಡಿಸಿದ ಪುಡಿ ಇವು ಮಾರುಕಟ್ಟೆಗೆ ಬರಬಾರದು ಅಂತಲೇ 1959ರಲ್ಲಿ ಟೀ ವೇಸ್ಟ್ ಕಂಟ್ರೋಲ್ ಆರ್ಡರ್ ಬಂತು. ಲೈಸೆನ್ಸ್ ಇಲ್ಲದೆ ಅದನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ತೂಕದ ಲೆಕ್ಕದಲ್ಲಿ ಬಿಡಿ ಪುಡಿ ತರುವವರು ಇದನ್ನು ನೆನಪಿಡಬೇಕು, ಯಾಕೆಂದರೆ ಬಣ್ಣ ಹಾಕಿದ ಪುಡಿ ಸಿಕ್ಕಿಬಿದ್ದ ಸುದ್ದಿ ತಮಿಳುನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಪರೀಕ್ಷೆ ಸುಲಭ. ಸೋಸುವ ಕಾಗದದ ಮೇಲೆ ಪುಡಿ ಉದುರಿಸಿ, ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಪುಡಿಯನ್ನು ತೊಳೆದುಹಾಕಿ. ಕಾಗದವನ್ನು ಬೆಳಕಿಗೆ ಹಿಡಿದಾಗ ಕಪ್ಪು ಕಂದು ಕಲೆ ಕಂಡರೆ ಬಣ್ಣ ಹಾಕಿದ್ದಾರೆ ಅಂತ ಅರ್ಥ. ಒಂದು ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಪುಡಿಯೂ ಸಿಕ್ಕಿಬೀಳುತ್ತದೆ. ಡಬ್ಬಕ್ಕೆ ಸುರಿಯುವ ಮುಂಚೆ ಇದನ್ನು ಮಾಡುವುದು ಒಳ್ಳೆಯದು. ಮುಗ್ಗಲು ವಾಸನೆಯ ತಳವನ್ನಂತೂ ಯಾವ ಕಾರಣಕ್ಕೂ ಸೇರಿಸಬೇಡಿ, ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕಿ.

ಇನ್ನು ನಾವು ಬೆರೆಸಿ ನೋಡಿದ ವಿಷಯ. ರುಚಿ ಹೋಲಿಸಲು ಒಂದು ಅಂತರರಾಷ್ಟ್ರೀಯ ಅಳತೆ ಇದೆ, ಐ.ಎಸ್.ಓ. 3103 ಅಂತ, 1980ರಲ್ಲಿ ಬಂದದ್ದು. 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಪುಡಿ, 6 ನಿಮಿಷ. ಲ್ಯಾಬಿನ ತಕ್ಕಡಿ ಇದ್ದರೆ ಸಾಕು. ಇದನ್ನು ಹಾಲು ಹಾಕದೆ ಕುಡಿದು ನೋಡಬೇಕು. ಮೊದಲ ಗುಟುಕು ಕಷ್ಟ, ಆದರೆ ಯಾವ ಪುಡಿಯಲ್ಲಿ ಏನಿದೆ ಅಂತ ತಿಳಿಯಲು ಬೇರೆ ದಾರಿ ಇಲ್ಲ.

ಮೊದಲು ಕಂಡ ಸಂಗತಿ: ದೊಡ್ಡ ಎಲೆ ಮತ್ತು ಡಸ್ಟ್ ಒಂದೇ ಡಬ್ಬದಲ್ಲಿ ಹೊಂದಿಕೊಳ್ಳುವುದಿಲ್ಲ. ಡಸ್ಟ್ ಜಾರಿ ತಳ ಸೇರುತ್ತದೆ, ಎಲೆ ಮೇಲೆ ನಿಲ್ಲುತ್ತದೆ. ಸೋಮವಾರದ ಟೀ ನೀರು ನೀರು, ಶನಿವಾರದ ಟೀ ಕಹಿ. ಕಾಲವೂ ಬೇರೆ. ಡಸ್ಟ್ ಎರಡು ನಿಮಿಷದಲ್ಲಿ ಕೊಡಬೇಕಾದದ್ದನ್ನು ಕೊಟ್ಟುಬಿಡುತ್ತದೆ, ಎಲೆಗೆ ಐದು ಬೇಕು. ಆದ್ದರಿಂದ ಎಲೆಯನ್ನು ಬೇರೆ ಇಟ್ಟು, ಅದನ್ನು ಮೊದಲು ನೀರಿಗೆ ಹಾಕಿ, ಮೂರು ನಿಮಿಷ ಬಿಟ್ಟು ಡಸ್ಟ್ ಹಾಕುವುದು. ನಮಗೆ ಅತ್ಯಂತ ಹಿಡಿಸಿದ್ದು ಹೀಗೆ ಮಾಡಿದ ಬೆರಕೆ: ಎರಡು ಪಾಲು ರೇಷನ್ ಡಸ್ಟ್, ಒಂದು ಪಾಲು ಕೋತಗಿರಿಯ ಎಲೆ ಟೀ. ಡಿಸೆಂಬರಿನಿಂದ ಫೆಬ್ರವರಿವರೆಗೆ ಚಳಿಯಲ್ಲಿ ಕಿತ್ತ ನೀಲಗಿರಿ ಎಲೆಗೆ ಪರಿಮಳ ಜಾಸ್ತಿ. ಅದು ಸಿಕ್ಕರೆ ಅರ್ಧ ಪಾಲೇ ಸಾಕು.

ಏಲಕ್ಕಿ ಮಸಾಲೆ ಬೆರೆಸಿದ ಪೊಟ್ಟಣದ ತಳವನ್ನು ಎಂಟರಲ್ಲಿ ಒಂದು ಪಾಲಿಗಿಂತ ಹೆಚ್ಚು ಹಾಕಬೇಡಿ, ಮಿಕ್ಕ ಎಲ್ಲ ಪುಡಿಯ ವಾಸನೆಯನ್ನೂ ಅದು ನುಂಗುತ್ತದೆ. ಮಕ್ಕಳು ಪಟ್ಟಣದಿಂದ ತಂದು ಎರಡು ದಿನ ಕುಡಿದು ಬಿಟ್ಟ ಗ್ರೀನ್ ಟೀ ಎಲ್ಲರ ಮನೆಯಲ್ಲೂ ಇರುತ್ತದಲ್ಲ, ಅದನ್ನು ಹಾಲಿನ ಟೀಗೆ ಸೇರಿಸಿದರೆ ಕಹಿ ಕಹಿ. ಕುದಿ ಇಳಿದ ನೀರಿನಲ್ಲಿ ಮಜ್ಜಿಗೆ ಹುಲ್ಲು, ತುಳಸಿ ಜೊತೆಗೆ ಹಾಕಿದರೆ ಪರವಾಗಿಲ್ಲ. ಜಪಾನಿನಲ್ಲಿ ಹುರಿದ ಅಕ್ಕಿ ಬೆರೆಸಿದ ಹಸಿರು ಟೀ ಇದೆ, ಗೆನ್‌ಮೈಚಾ ಅಂತ. ಅದನ್ನು ಓದಿ ನಾವು ಅಕ್ಕಿಯ ಬದಲು ರಾಗಿಯನ್ನು ಹೂವು ಅರಳುವ ಹಾಗೆ ಹುರಿದು, ಒಂದು ಚಮಚ ಗ್ರೀನ್ ಟೀಗೆ ಒಂದು ಚಮಚ ರಾಗಿ ಹಾಕಿದೆವು. ಹುರಿಹಿಟ್ಟಿನ ಪರಿಮಳ ಬಂತು, ಗ್ರೀನ್ ಟೀಯ ಹಸಿ ವಾಸನೆ ಹೋಯಿತು. ಟೀ ಬೇಡ ಅನ್ನುವ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಮಾತ್ರ ಎರಡನೇ ಸಲ ಕೇಳಿ ಕುಡಿಯುತ್ತಾರೆ.

ಡಬ್ಬ ಸ್ಟೀಲಿನದಿರಲಿ, ಮುಚ್ಚಳ ಬಿಗಿಯಿರಲಿ. ಟೀ ಪುಡಿ ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ, ಹಾಗಾಗಿ ಸಾಂಬಾರು ಪುಡಿ, ಸೋಪು, ಅಗರಬತ್ತಿಯ ಸಾಲಿನಲ್ಲಿ ಇಡಬೇಡಿ. ಹೊಸ ತಳ ಸುರಿದಾಗಲೆಲ್ಲ ಯಾವುದು, ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿ. ನಮ್ಮ ಡಬ್ಬದ ಚೀಟಿಯಲ್ಲಿ ಈಗ ಆರು ಸಾಲುಗಳಿವೆ. ನಾಲ್ಕು ಕನ್ನಡದಲ್ಲಿ, ಎರಡು ತಮಿಳಿನಲ್ಲಿ.